ವಿದೇಶಾಂಗ ಸಚಿವರಾಗೋಕೆ ಯಾವ ಅನುಭವ ಬೇಕು?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಮನೆಯಲ್ಲಿ ಟಿವಿ ಮುಂದೆ ದಿನಾ ಒಂದೇ ವಾದ. ಜೈಶಂಕರ್ ಥರ ಐಎಫ್‌ಎಸ್ (ಭಾರತೀಯ ವಿದೇಶಾಂಗ ಸೇವೆ) ಮಾಡಿ, ರಾಯಭಾರಿಯಾಗಿ ಪಳಗಿದವರೇ ವಿದೇಶಾಂಗ ಸಚಿವರಾಗಬೇಕು ಅಂತ ಅಪ್ಪ. ಜನರಿಂದ ಗೆದ್ದು ಬಂದವರೇ ಸರಿ ಅಂತ ಮಾವ. ಎಸ್.ಎಂ. ಕೃಷ್ಣ ಅವರು ವಿದೇಶಾಂಗ ಸಚಿವರಾಗಿದ್ದಾಗ ವಿಶ್ವಸಂಸ್ಥೆಯಲ್ಲಿ ಬೇರೆ ದೇಶದವರ ಭಾಷಣ ಓದಿದ್ದನ್ನು ಅಪ್ಪ ಪ್ರತಿ ಸಲ ಎತ್ತುತ್ತಾರೆ. ನಿಜಕ್ಕೂ ಆ ಕೆಲಸಕ್ಕೆ ಯಾವ ಅನುಭವ ಬೇಕು? ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಆ ದಾರಿ ಹಿಡಿಯಬಹುದಾ?

ಉತ್ತರ: ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ, ಅದು ಚಿಕ್ಕದು. ಕಾನೂನಿನ ಪ್ರಕಾರ ಯಾವ ಅನುಭವವೂ ಬೇಕಿಲ್ಲ. ಲೋಕಸಭೆಗೋ ರಾಜ್ಯಸಭೆಗೋ ಆಯ್ಕೆಯಾಗುವ ಅರ್ಹತೆ ಇದ್ದರೆ ಆಯ್ತು. ಮಂತ್ರಿಯಾಗುವ ದಿನ ಸಂಸದರಾಗಿರಬೇಕು ಅಂತಲೂ ಇಲ್ಲ, ಆರು ತಿಂಗಳೊಳಗೆ ಆದರೆ ಸಾಕು. ಜೈಶಂಕರ್ ಪ್ರಮಾಣವಚನ ತೆಗೆದುಕೊಂಡದ್ದು 2019ರ ಮೇ ತಿಂಗಳಲ್ಲಿ, ಗುಜರಾತಿನಿಂದ ರಾಜ್ಯಸಭೆಗೆ ಬಂದದ್ದು ಜುಲೈಯಲ್ಲಿ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡ್ತೀನಿ, ಯಾಕಂದ್ರೆ ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಇದರಲ್ಲಿ ಎಡವುತ್ತಿದ್ದರು. ನಮ್ಮಲ್ಲಿ ವಿದೇಶಾಂಗ ಕಾರ್ಯದರ್ಶಿ ಅಂದರೆ ಅಧಿಕಾರಿ, ಐಎಫ್‌ಎಸ್‌ನವರು. ಬ್ರಿಟನ್ನಿನಲ್ಲಿ ಫಾರಿನ್ ಸೆಕ್ರೆಟರಿ ಅಂದರೆ ಮಂತ್ರಿ. ಅಮೆರಿಕದ ಸೆಕ್ರೆಟರಿ ಆಫ್ ಸ್ಟೇಟ್ ಕೂಡ ಮಂತ್ರಿಯೇ, ಆದರೆ ಆತ ಸಂಸತ್ತಿನ ಸದಸ್ಯನಾಗಿರುವ ಹಾಗಿಲ್ಲ. ನಿಮ್ಮ ಮನೆಯ ವಾದ ನಡೀತಿರೋದು ಮಂತ್ರಿ ಕುರ್ಚಿಯ ಬಗ್ಗೆ. ನಾನೂ ಅದರ ಬಗ್ಗೆಯೇ ಹೇಳ್ತೀನಿ.

ಅದಕ್ಕೆ ಮುಂಚೆ ನಮ್ಮ ಮನೆಯದೊಂದು ಕತೆ. ನಾನು ಹೈಸ್ಕೂಲಿನಲ್ಲಿದ್ದಾಗ ಅತ್ತೆಯ ಮದುವೆಯ ಮಾತುಕತೆ ನಡೆದಿತ್ತು. ಗಂಡಿನ ಕಡೆಯವರ ಹತ್ತಿರ ಮಾತಾಡಲು ನಮ್ಮ ಚಿಕ್ಕಪ್ಪ ಹೋದರು. ಅವರಿಗೆ ಇಂಗ್ಲಿಷ್ ಬರ್ತಿತ್ತು, ತಾಲ್ಲೂಕು ಕಚೇರಿಯಲ್ಲಿ ಎಲ್ಲರ ಪರಿಚಯ ಇತ್ತು, ಮಾತು ಬೆಣ್ಣೆಯಂತೆ. ಸಂಜೆ ಬಂದು, ಛತ್ರದ ಬಾಡಿಗೆ, ಎರಡು ದಿನದ ಊಟ ಎಲ್ಲ ನಮ್ಮದೇ ಅಂತ ಒಪ್ಪಿ ಬಂದಿದ್ದೇನೆ ಅಂದರು. ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಅಜ್ಜ ತಲೆಯೆತ್ತದೆ, "ಯಾರನ್ನ ಕೇಳಿ ಒಪ್ಪಿದೆ?" ಅಂದರು. ಅಷ್ಟೇ. ಮುಂದಿನ ವಾರ ಗಂಡಿನ ಕಡೆಯಿಂದ ಹೇಳಿಕಳಿಸಿದರು: ಇನ್ಮೇಲೆ ಮಾತು ಏನಿದ್ದರೂ ಯಜಮಾನರ ಹತ್ತಿರವೇ. ಆಮೇಲೆ ಅಜ್ಜ ಕಳಿಸಿದ್ದು ಸೋದರಮಾವನನ್ನು. ಆತ ಬಾಯಿ ಬಿಡುವುದೇ ಅಪರೂಪ. ಏನು ಕೇಳಿದರೂ "ನಾಳೆ ಹೇಳ್ತೀನಿ" ಅನ್ನುತ್ತಿದ್ದರು. ಆದರೆ ಮರುದಿನ ಬಂದು ಹೇಳಿದ ಮಾತು ಮತ್ತೆ ಬದಲಾಗುತ್ತಿರಲಿಲ್ಲ. ಮದುವೆ ಆಯ್ತು.

ಮೂವತ್ತು ವರ್ಷ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡಿದೆ. ಯಾವ ದೇಶದ ವಿದೇಶಾಂಗ ಸಚಿವರ ಬಗ್ಗೆ ಓದುವಾಗಲೂ ನಾನು ಮೊದಲು ನೋಡುವುದು ಇದನ್ನೇ. ಎದುರು ಕೂತವನಿಗೆ, ಈ ಮನುಷ್ಯ ಇಲ್ಲಿ ಆಡಿದ ಮಾತು ಇವನ ಊರಲ್ಲಿ ನಡೆಯುತ್ತದೆ ಅನ್ನುವ ನಂಬಿಕೆ ಇದೆಯಾ? ಆ ನಂಬಿಕೆ ಹುಟ್ಟಿಸಿದ ಅನುಭವವೇ ಅನುಭವ. ಅದು ರಾಯಭಾರ ಕಚೇರಿಯಲ್ಲಿ ಬರಬಹುದು, ಚುನಾವಣೆಯಲ್ಲಿ ಬರಬಹುದು, ಕಾರ್ಮಿಕ ಸಂಘದಲ್ಲೂ ಬರಬಹುದು.

ಕಾರ್ಮಿಕ ಸಂಘ ಅಂದದ್ದು ಸುಮ್ನೆ ಅಲ್ಲ. ಬ್ರಿಟನ್ನಿನ ಅರ್ನೆಸ್ಟ್ ಬೆವಿನ್ ಅವರನ್ನು ನೋಡಿ. 1881ರಲ್ಲಿ ಹುಟ್ಟಿದ ಬಡವರ ಮನೆ ಹುಡುಗ, ಚಿಕ್ಕಂದಿನಲ್ಲೇ ತಾಯಿ ಇಲ್ಲ, 11ನೇ ವಯಸ್ಸಿಗೆ ಶಾಲೆ ಬಿಟ್ಟು ಹೊಲದ ಕೂಲಿಗೆ ಹೋದವರು, ಆಮೇಲೆ ಬ್ರಿಸ್ಟಲ್ ನಗರದಲ್ಲಿ ಕುದುರೆ ಗಾಡಿ ಹೊಡೆದವರು. 1922ರಲ್ಲಿ ಸಾರಿಗೆ ಕಾರ್ಮಿಕರ ದೊಡ್ಡ ಸಂಘ ಕಟ್ಟಿ 1940ರವರೆಗೂ ಅದನ್ನು ನಡೆಸಿದರು. 1945ರಲ್ಲಿ ಪ್ರಧಾನಿ ಅಟ್ಲಿ ಸರ್ಕಾರ ಬಂದಾಗ ಅವರೇ ವಿದೇಶಾಂಗ ಸಚಿವ. ಆಗ ಆ ಇಲಾಖೆಯ ತುಂಬ ಆಕ್ಸ್‌ಫರ್ಡ್, ಕೇಂಬ್ರಿಜ್ ಓದಿದವರೇ.

ಬೆವಿನ್ ಹತ್ತಿರ ಏನಿತ್ತು? ಸಂಘದ ನಾಯಕ ಮಾಡುವ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಿ. ಬೆಳಿಗ್ಗೆ ಮಾಲೀಕರ ಎದುರು ಕೂತು ಜಗ್ಗಾಡಬೇಕು. ಹತ್ತು ಕೇಳಿ ಆರಕ್ಕೆ ಒಪ್ಪಬೇಕು. ಸಂಜೆ ಆ ಆರನ್ನು ತಂದು ಸಾವಿರಾರು ಕೂಲಿಗಳ ಮುಂದೆ ನಿಂತು, ಹತ್ತು ಯಾಕೆ ಸಿಗಲಿಲ್ಲ, ಆರು ಯಾಕೆ ಒಪ್ಪಬೇಕು ಅಂತ ಬೈಗುಳ ತಿನ್ನುತ್ತಾ ಹೇಳಿ ಒಪ್ಪಿಸಬೇಕು. ಮಾಲೀಕ ಇವರ ಮಾತು ನಂಬುತ್ತಿದ್ದದ್ದು ಯಾಕೆ? ಬೆವಿನ್ ಮುಷ್ಕರ ಇಲ್ಲ ಅಂದರೆ ಮುಷ್ಕರ ಇಲ್ಲ. ವಿದೇಶಾಂಗ ಸಚಿವನ ಕೆಲಸವೂ ಅದೇ ಅಲ್ವಾ, ಜಾಗ ಬೇರೆ ಅಷ್ಟೆ. 1947ರ ಜೂನ್‌ನಲ್ಲಿ ಅಮೆರಿಕದ ಸೆಕ್ರೆಟರಿ ಆಫ್ ಸ್ಟೇಟ್ ಜಾರ್ಜ್ ಮಾರ್ಷಲ್ ಹಾರ್ವರ್ಡಿನಲ್ಲಿ ಯುರೋಪಿಗೆ ನೆರವು ಕೊಡುವ ಮಾತಾಡಿದಾಗ, ಅದನ್ನು ರೇಡಿಯೋದಲ್ಲಿ ಕೇಳಿ, ಅದು ಬರೀ ಭಾಷಣವಾಗಿ ಉಳಿಯುವ ಮುಂಚೆ ಓಡಿಹೋಗಿ ಕೈಚಾಚಿದವರು ಬೆವಿನ್. 1949ರಲ್ಲಿ ಪಶ್ಚಿಮದ ದೇಶಗಳ ಸೇನಾ ಕೂಟವಾದ ನ್ಯಾಟೋ ಒಪ್ಪಂದದ ಹಿಂದೆಯೂ ಅವರ ಕೈ ದೊಡ್ಡದು. ಅವರ ಎಲ್ಲ ನಿಲುವೂ ನನಗೆ ಒಪ್ಪಿಗೆ ಅಂತಲ್ಲ, ಪ್ಯಾಲೆಸ್ತೀನ್ ವಿಚಾರದಲ್ಲಿ ಅವರು ಕೈಸುಟ್ಟುಕೊಂಡರು. ಆದರೆ ಅಟ್ಲಿ ತನ್ನ ಹಿಂದೆ ನಿಂತಿದ್ದಾರೆ ಅನ್ನುವುದು ಮಾಸ್ಕೋಗೂ ಗೊತ್ತಿತ್ತು, ವಾಷಿಂಗ್ಟನ್ನಿಗೂ ಗೊತ್ತಿತ್ತು.

ಇದಕ್ಕೆ ತದ್ವಿರುದ್ಧ ಅಮೆರಿಕದ ರೆಕ್ಸ್ ಟಿಲ್ಲರ್‌ಸನ್. ಎಕ್ಸಾನ್ ಕಂಪನಿಗೆ 1975ರಲ್ಲಿ ಎಂಜಿನಿಯರ್ ಆಗಿ ಸೇರಿ, 2006ರಿಂದ 2016ರ ಕೊನೆಯವರೆಗೆ ಅದರ ಮುಖ್ಯಸ್ಥರಾಗಿದ್ದವರು. ಪುಟಿನ್ ಜೊತೆ ತೈಲದ ವ್ಯವಹಾರ ಕುದುರಿಸಿದವರು, ರಷ್ಯಾದಿಂದ 2013ರಲ್ಲಿ ಪದಕ ಪಡೆದವರು. ದೇಶ ಸುತ್ತಿದ್ದು, ಚೌಕಾಸಿ ಮಾಡಿದ್ದು, ದೊಡ್ಡ ಸಂಸ್ಥೆ ನಡೆಸಿದ್ದು, ಯಾವುದಕ್ಕೂ ಕಡಿಮೆ ಇರಲಿಲ್ಲ. 2017ರಲ್ಲಿ ವಿದೇಶಾಂಗದ ಹೊಣೆ ಬಂತು. ಅದೇ ವರ್ಷ ಅಕ್ಟೋಬರ್ 1ರಂದು, ಉತ್ತರ ಕೊರಿಯಾ ಜೊತೆ ಮಾತಿಗೆ ದಾರಿ ಹುಡುಕುತ್ತಿದ್ದೇವೆ ಅಂತ ಅವರು ಚೀನಾದಲ್ಲಿ ಹೇಳಿದ ಮರುದಿನ, ಟ್ರಂಪ್ ಟ್ವಿಟರ್‌ನಲ್ಲಿ ಇವರು ಸಮಯ ಹಾಳು ಮಾಡುತ್ತಿದ್ದಾರೆ ಅಂತ ಬರೆದುಬಿಟ್ಟರು. ನಮ್ಮ ಚಿಕ್ಕಪ್ಪನ ಗತಿಯೇ ಆಯ್ತು. ಅದಾದ ಮೇಲೆ ಯಾವ ದೇಶದವರು ಆತನ ಹತ್ತಿರ ಕೂತು ಮನಸ್ಸು ಬಿಚ್ಚಿ ಮಾತಾಡ್ತಾರೆ? 2018ರ ಮಾರ್ಚ್‌ನಲ್ಲಿ ಕೆಲಸ ಹೋದ ಸುದ್ದಿಯೂ ಟ್ವಿಟರ್‌ನಲ್ಲೇ ಬಂತು.

ಈಗ ನಿಮ್ಮ ಅಪ್ಪ ಪ್ರತಿ ಸಲ ಎತ್ತುವ ಕೃಷ್ಣ ಅವರ ವಿಷಯಕ್ಕೆ ಬರೋಣ. 2011ರ ಫೆಬ್ರವರಿ, ನ್ಯೂಯಾರ್ಕ್, ಭದ್ರತಾ ಮಂಡಳಿ. ಪೋರ್ಚುಗಲ್ ಸಚಿವರ ಭಾಷಣದ ಹಾಳೆ ಇವರ ಮುಂದಿದ್ದ ಕಾಗದಗಳಲ್ಲಿ ಸೇರಿಕೊಂಡಿತ್ತು. ಕೃಷ್ಣ ಅದನ್ನೇ ಓದಲು ಶುರು ಮಾಡಿದರು. ಅಭಿವೃದ್ಧಿ, ಭದ್ರತೆ ಅಂತ ಮೊದಲ ಸಾಲುಗಳು ಯಾವ ದೇಶದ ಬಾಯಲ್ಲಿ ಬಂದರೂ ಒಪ್ಪುವಂಥವು. ಪೋರ್ಚುಗೀಸ್ ಭಾಷೆ ಆಡುವ ಎರಡು ದೇಶಗಳು, ಬ್ರೆಜಿಲ್ ಮತ್ತು ಪೋರ್ಚುಗಲ್, ಇಂದು ಇಲ್ಲಿ ಒಟ್ಟಿಗಿರುವುದು ಸಂತೋಷ ಅನ್ನುವ ಸಾಲೂ ಬಂತು. ಸುಮಾರು ಮೂರು ನಿಮಿಷ ಆದ ಮೇಲೆ ನಮ್ಮ ಪ್ರತಿನಿಧಿ ಹರ್‌ದೀಪ್ ಸಿಂಗ್ ಪುರಿ ಬಾಗಿ ತಪ್ಪು ತೋರಿಸಿದರು. ಕೃಷ್ಣ ಸರಿಯಾದ ಹಾಳೆ ತೆಗೆದು ಮೊದಲಿಂದ ಓದಿದರು.

ನಗು ಬರುತ್ತೆ, ನಿಜ. ಆದರೆ ಇದನ್ನು ಅನುಭವದ ಕೊರತೆ ಅನ್ನುವುದು ತಪ್ಪು. ಮೈಸೂರಿನಲ್ಲಿ ಓದಿ, ಅಮೆರಿಕದ ಡಲ್ಲಾಸ್, ವಾಷಿಂಗ್ಟನ್‌ನಲ್ಲಿ ಕಾನೂನು ಕಲಿತು, 1999ರಿಂದ 2004ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿ, ಆಮೇಲೆ ಮಹಾರಾಷ್ಟ್ರದ ರಾಜ್ಯಪಾಲರಾಗಿ ಬಂದವರು ಅವರು. ಹಾಳೆ ಅದಲುಬದಲಾಗೋದು ಯಾರಿಗೂ ಆಗಬಹುದು. ನನ್ನನ್ನು ಕೇಳಿದರೆ, ಮೂರು ನಿಮಿಷದವರೆಗೂ ತಡೆಯಬೇಕು ಅಂತ ಯಾರಿಗೂ ಅನ್ನಿಸಲಿಲ್ಲ ಅನ್ನುವುದು ವಿಶ್ವಸಂಸ್ಥೆಯ ಭಾಷಣಗಳ ಬಗ್ಗೆಯೇ ಜಾಸ್ತಿ ಹೇಳುತ್ತದೆ!

ಅವರ ಕಾಲದ ನಿಜವಾದ ಪಾಠ ಬೇರೆ ಕಡೆ ಇದೆ. 2010ರ ಜುಲೈನಲ್ಲಿ ಕೃಷ್ಣ ಇಸ್ಲಾಮಾಬಾದಿಗೆ ಹೋದರು. ಅವರು ಹೊರಡುವ ಹೊತ್ತಿಗೇ ನಮ್ಮ ಗೃಹ ಕಾರ್ಯದರ್ಶಿ ಜಿ.ಕೆ. ಪಿಳ್ಳೈ, ಮುಂಬೈ ದಾಳಿಯ ಹಿಂದೆ ಮೊದಲಿಂದ ಕೊನೆಯವರೆಗೂ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ ಕೈ ಇತ್ತು ಅಂತ ಹೇಳಿಕೆ ಕೊಟ್ಟರು. ಅತ್ತ ಜಂಟಿ ಪತ್ರಿಕಾಗೋಷ್ಠಿಯಲ್ಲಿ ಪಾಕಿಸ್ತಾನದ ವಿದೇಶಾಂಗ ಸಚಿವ ಖುರೇಷಿ ಆ ಹೇಳಿಕೆಯನ್ನೂ ಉಗ್ರ ಹಫೀಜ್ ಸಯೀದ್ ಮಾತುಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟರು. ಪಕ್ಕದಲ್ಲೇ ಕೂತಿದ್ದ ಕೃಷ್ಣ ತಿರುಗಿ ಉತ್ತರಿಸಲಿಲ್ಲ. ದೆಹಲಿಯಲ್ಲಿ ಅದಕ್ಕೆ ಬೈಗುಳ ಬಿತ್ತು. ಅದಕ್ಕಿಂತ ಚುಚ್ಚುವಂಥದ್ದನ್ನು ಖುರೇಷಿ ಮರುದಿನ ಹೇಳಿದರು: ಮಾತುಕತೆಯ ನಡುವೆ ಕೃಷ್ಣ ಅವರಿಗೆ ದೆಹಲಿಯಿಂದ ಫೋನಿನಲ್ಲಿ ಸೂಚನೆ ಬರುತ್ತಲೇ ಇತ್ತು ಅಂತ. ಕೃಷ್ಣ ಅಲ್ಲಗಳೆದರು. ಖುರೇಷಿ ಮಾತನ್ನು ನಂಬಿ ಅಂತ ನಾನು ಹೇಳುತ್ತಿಲ್ಲ. ಆದರೆ ಆತ ಎಲ್ಲಿ ಹೊಡೆದ ನೋಡಿ. ನಿಮಗೆ ಇಂಗ್ಲಿಷ್ ಬರಲ್ಲ, ಇತಿಹಾಸ ಗೊತ್ತಿಲ್ಲ ಅಂತ ಹೇಳಲಿಲ್ಲ. ನಿಮ್ಮ ಮಾತು ನಿಮ್ಮದಲ್ಲ ಅಂದ. ಒಬ್ಬ ಸಚಿವನನ್ನು ಚಿಕ್ಕವನನ್ನಾಗಿ ಮಾಡಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಆ ದಾರಿ ತೆರೆದುಕೊಟ್ಟದ್ದು ದೆಹಲಿಯಿಂದ ಒಂದೇ ವಾರದಲ್ಲಿ ಹೊರಟ ಎರಡು ಧ್ವನಿ.

ಹಾಗಂತ ಊರಿನಿಂದ ಅಪ್ಪಣೆ ಕಾಯುವುದೇ ಅವಮಾನ ಅಂದುಕೊಳ್ಳಬೇಡಿ. ನಮ್ಮ ಸೋದರಮಾವನ "ನಾಳೆ ಹೇಳ್ತೀನಿ" ನೆನಪಿದೆಯಲ್ಲ? ಅದಕ್ಕೆ ಮಂಗಳೂರಿನವರೇ ಒಬ್ಬರ ಉದಾಹರಣೆ ಇದೆ. ಬೆನಗಲ್ ನರಸಿಂಗ ರಾವ್, ನಾವು ಬಿ.ಎನ್. ರಾವ್ ಅಂತ ಸಂವಿಧಾನದ ಪಾಠದಲ್ಲಿ ಓದುತ್ತೀವಲ್ಲ, ಸಂವಿಧಾನ ಸಭೆಯ ಸಲಹೆಗಾರ, ಅವರು. ಬ್ರಿಟಿಷರ ಕಾಲದ ಐಸಿಎಸ್ ಅಧಿಕಾರಿ, ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿ. ರಾಯಭಾರದ ತರಬೇತಿ ಏನೂ ಇಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ಹೋದರು. 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ ಸರದಿ. ಆ ತಿಂಗಳ 25ಕ್ಕೆ ಉತ್ತರ ಕೊರಿಯಾ ದಕ್ಷಿಣದ ಮೇಲೆ ನುಗ್ಗಿತು.

ಯೋಚನೆ ಮಾಡಿ. ಪ್ರಪಂಚ ಮತ್ತೆ ಯುದ್ಧಕ್ಕೆ ಬಿತ್ತಾ ಅಂತ ಎಲ್ಲರೂ ನಡುಗುತ್ತಿದ್ದಾರೆ, ಮೇಜಿನ ತಲೆಗೆ ಕೂತವರು ಮಂಗಳೂರಿನ ಈ ಮೆತ್ತಗಿನ ನ್ಯಾಯಾಧೀಶ. ದಾಳಿ ನಿಲ್ಲಿಸಿ ಹಿಂದೆ ಸರಿಯಿರಿ ಅನ್ನುವ ಮೊದಲ ನಿರ್ಣಯಕ್ಕೆ ಭಾರತ ಮತ ಹಾಕಿತು. ಎರಡು ದಿನ ಬಿಟ್ಟು, ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳು ನೆರವು ಕೊಡಬೇಕು ಅನ್ನುವ ಎರಡನೇ ನಿರ್ಣಯ ಬಂತು. ಅಂದರೆ ಸೈನ್ಯ ಕಳಿಸುವ ಬಾಗಿಲು. ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ಕೂತೇ ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ಈಜಿಪ್ಟ್ ಕೂಡ ಹಾಗೇ ಮಾಡಿತು. ಎರಡು ದಿನದ ಮೇಲೆ ಭಾರತ ಸರ್ಕಾರ ಆ ನಿರ್ಣಯವನ್ನು ಒಪ್ಪಿತು. ಅಮೆರಿಕದ ಒತ್ತಡ ಎಷ್ಟಿದ್ದಿರಬಹುದು ಊಹಿಸಿ. ಆದರೂ ತನ್ನದಲ್ಲದ ಮಾತನ್ನು ಆಡದೆ ಬಾಯಿ ಕಟ್ಟಿಕೊಂಡು ಕೂತರು. ನನ್ನ ಪ್ರಕಾರ ಇದು ನ್ಯಾಯಾಧೀಶನ ಅಭ್ಯಾಸ, ಕಡತದಲ್ಲಿ ಇಲ್ಲದ್ದನ್ನು ತೀರ್ಪಿನಲ್ಲಿ ಬರೆಯದ ಅಭ್ಯಾಸ. 1952ರಲ್ಲಿ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು, ಮರುವರ್ಷವೇ ತೀರಿಕೊಂಡರು.

ಇನ್ನು ಜಸ್ವಂತ್ ಸಿಂಗ್. ನಿಮ್ಮ ಅಪ್ಪ, ಮಾವ ಇಬ್ಬರ ವಾದಕ್ಕೂ ಸಿಗದ ಮನುಷ್ಯ. ಸೈನ್ಯದಲ್ಲಿ ಮೇಜರ್ ಆಗಿದ್ದವರು, ಐಎಫ್‌ಎಸ್ ಅಲ್ಲ. 1998ರ ಲೋಕಸಭಾ ಚುನಾವಣೆಯಲ್ಲಿ ಸೋತಿದ್ದರು, ಹಾಗಾಗಿ ಗೆದ್ದು ಬಂದವರೂ ಅಲ್ಲ. ಆ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ಆಯ್ತು, ಅಮೆರಿಕ ನಿರ್ಬಂಧ ಹಾಕಿತು. ಅಮೆರಿಕದ ಉಪ ವಿದೇಶಾಂಗ ಸಚಿವ ಸ್ಟ್ರೋಬ್ ಟಾಲ್ಬಟ್ ಜೊತೆ ಮಾತಾಡಲು ವಾಜಪೇಯಿ ಕಳಿಸಿದ್ದು ಇವರನ್ನು. ಮಾತು ಶುರುವಾದಾಗ ಅವರು ಯೋಜನಾ ಆಯೋಗದ ಉಪಾಧ್ಯಕ್ಷ, ವಿದೇಶಾಂಗ ಸಚಿವರಾದದ್ದು ಆ ವರ್ಷದ ಕೊನೆಗೆ. ಎರಡೂವರೆ ವರ್ಷದಲ್ಲಿ ಏಳು ದೇಶಗಳಲ್ಲಿ 14 ಸಲ ಕೂತರು. ಅಮೆರಿಕ ಕೇಳಿದ್ದು, ಅಂದರೆ ಅಣುಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ, ಕೊಡಲೇ ಇಲ್ಲ. ಆದರೂ 2000ದ ಮಾರ್ಚ್‌ನಲ್ಲಿ ಕ್ಲಿಂಟನ್ ದೆಹಲಿಗೆ ಬಂದರು, 22 ವರ್ಷದ ಮೇಲೆ ಬಂದ ಅಮೆರಿಕದ ಅಧ್ಯಕ್ಷ. ಟಾಲ್ಬಟ್‌ಗೆ ಗೊತ್ತಿತ್ತು, ಇವರ ಕಿವಿಗೆ ಹಾಕಿದ್ದು ಅದೇ ರಾತ್ರಿ ವಾಜಪೇಯಿ ಕಿವಿಗೆ ಹೋಗುತ್ತದೆ ಅಂತ. ಅದೇ ಜಸ್ವಂತ್ ಸಿಂಗ್ 1999ರ ಡಿಸೆಂಬರ್ 31ರಂದು, ಅಪಹರಣವಾದ ನಮ್ಮ ವಿಮಾನದ ಪ್ರಯಾಣಿಕರನ್ನು ಬಿಡಿಸಲು ಮೂವರು ಉಗ್ರರನ್ನು ಕರೆದೊಯ್ದ ವಿಮಾನದಲ್ಲಿ ಕಂದಹಾರಕ್ಕೆ ಹೋದರು. ಆ ಕಳಂಕ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ನಂಬಿಕಸ್ಥನಾಗಿರೋದಕ್ಕೆ ಅಂಥ ಬೆಲೆಯೂ ಇದೆ, ಸರ್ಕಾರದ ಕೆಟ್ಟ ಕೆಲಸಕ್ಕೂ ನಿಮ್ಮನ್ನೇ ಕಳಿಸುತ್ತಾರೆ.

ಜೈಶಂಕರ್ ವಿಷಯದಲ್ಲಿ ನಿಮ್ಮ ಅಪ್ಪನ ಮಾತಿಗೆ ತೂಕ ಇದೆ. 1977ರ ತಂಡದ ಅಧಿಕಾರಿ. ಚೀನಾದಲ್ಲಿ ನಾಲ್ಕೂವರೆ ವರ್ಷ ರಾಯಭಾರಿ, ನಂತರ ಅಮೆರಿಕದಲ್ಲಿ, 2015ರಿಂದ 2018ರವರೆಗೆ ವಿದೇಶಾಂಗ ಕಾರ್ಯದರ್ಶಿ. ಅಮೆರಿಕದ ಜೊತೆಗಿನ ಅಣು ಒಪ್ಪಂದದ ಕಡತಗಳನ್ನು ಕೆಳಗಿನಿಂದಲೇ ಹೊತ್ತವರು. ಇಂಥವರಿಗೆ ಯಾರೂ ಪಾಠ ಹೇಳಿಕೊಡಬೇಕಿಲ್ಲ, ಮೊದಲ ದಿನವೇ ಕೆಲಸ ಶುರು. ಆದರೆ 2020ರ ಜೂನ್‌ನಲ್ಲಿ ಲಡಾಖಿನ ಗಾಲ್ವಾನ್‌ನಲ್ಲಿ ಚೀನಾ ಸೈನಿಕರ ಜೊತೆಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಸತ್ತಾಗ, ಎದುರಿಗಿದ್ದ ಚೀನಾದ ವಿದೇಶಾಂಗ ಸಚಿವ ವಾಂಗ್ ಯೀ ಕೂಡ ಅಂಥದೇ ಪಳಗಿದ ರಾಜತಾಂತ್ರಿಕ. ಇಬ್ಬರೂ ಆ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಕೂತು ಐದು ಅಂಶಕ್ಕೆ ಒಪ್ಪಿದರು. ಕೊನೆಯ ಎರಡು ಜಾಗಗಳ ಗಸ್ತಿನ ಬಗ್ಗೆ ಒಪ್ಪಂದ ಆಗಲು 2024ರ ಅಕ್ಟೋಬರ್ ಬರಬೇಕಾಯಿತು. ಬೀಜಿಂಗ್‌ನ ಬೀದಿ ಬೀದಿ ಗೊತ್ತಿದ್ದರೂ ಅಷ್ಟು ಕಾಲ ಹಿಡಿಯಿತು. ಇನ್ನೊಂದು ಮಾತು. ಅಧಿಕಾರಿಯಾಗಿ ಬಂದ ಸಚಿವನಿಗೆ ತನ್ನದೇ ಮತದಾರರಿಲ್ಲ, ಪಕ್ಷದಲ್ಲಿ ತನ್ನದೇ ಬಣ ಇಲ್ಲ. ಅವನ ಶಕ್ತಿಯೆಲ್ಲ ಪ್ರಧಾನಿಯ ವಿಶ್ವಾಸ. ಅದಿದ್ದಷ್ಟು ದಿನ ಆನೆ. ನಟವರ್ ಸಿಂಗ್ ಕೂಡ 1953ರಲ್ಲಿ ಐಎಫ್‌ಎಸ್ ಸೇರಿದ ಅನುಭವಿ, 2004ರಲ್ಲಿ ಸಚಿವರಾದರು. ಇರಾಕಿನ ತೈಲ ವ್ಯವಹಾರದ ಅಕ್ರಮದ ಬಗ್ಗೆ ವಿಶ್ವಸಂಸ್ಥೆ ಮಾಡಿಸಿದ ವೋಲ್ಕರ್ ವರದಿಯಲ್ಲಿ ಹೆಸರು ಬಂದ ಮೇಲೆ ಕಾಯುವವರು ಇರಲಿಲ್ಲ, 2005ರಲ್ಲೇ ಹೊರಗೆ.

ಮಾವನ ಪರವಾಗಿ ನಾನು ಸುಷ್ಮಾ ಸ್ವರಾಜ್ ಹೆಸರು ಹೇಳ್ತೀನಿ. ಹರಿಯಾಣದ ಹೆಣ್ಣುಮಗಳು 1999ರಲ್ಲಿ ಸೋನಿಯಾ ಗಾಂಧಿ ವಿರುದ್ಧ ಬಳ್ಳಾರಿಗೆ ಬಂದು, ಕೆಲವೇ ವಾರಗಳಲ್ಲಿ ಕನ್ನಡ ಕಲಿತು, ಕನ್ನಡದಲ್ಲೇ ಪ್ರಚಾರ ಭಾಷಣ ಮಾಡಿದ್ದು ನಮ್ಮ ತಲೆಮಾರಿನವರಿಗೆಲ್ಲ ನೆನಪಿದೆ. ಸೋತರು. ಆಮೇಲೂ ವರ್ಷಾ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಪರರ ಊರಿಗೆ ಹೋಗಿ ಅವರ ಭಾಷೆಯ ನಾಲ್ಕು ಮಾತು ಕಲಿತು ಅವರ ಮನೆಯವರಾಗೋದು, ಇದಕ್ಕಿಂತ ಬೇರೆ ರಾಯಭಾರ ಇದೆಯಾ? 2014ರಿಂದ 2019ರವರೆಗೆ ಸಚಿವರಾಗಿದ್ದಾಗ, ಕೊಲ್ಲಿಯಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡ ಕೂಲಿಯವನೂ ಟ್ವಿಟರ್‌ನಲ್ಲಿ ಅವರಿಗೇ ಬರೆಯುತ್ತಿದ್ದ. 2015ರಲ್ಲಿ ಯೆಮೆನ್‌ನಿಂದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಾಗಲೂ ಅವರೇ ಸಚಿವರು. ಆದರೆ ದೊಡ್ಡ ನೀತಿಯ ವಿಷಯಗಳು ಆಗ ಪ್ರಧಾನಿ ಕಚೇರಿಯಲ್ಲೇ ತೀರ್ಮಾನವಾಗುತ್ತಿದ್ದವು ಅನ್ನುವ ಮಾತೂ ಇತ್ತು, ಅದನ್ನು ಮುಚ್ಚಿಡುವುದು ಬೇಡ.

ಎಲ್ಲರಿಗಿಂತ ಜಾಸ್ತಿ ಅನುಭವ ಇದ್ದವರು ನೆಹರೂ ಅಲ್ವಾ? 17 ವರ್ಷ ವಿದೇಶಾಂಗ ಖಾತೆ ತಮ್ಮಲ್ಲೇ ಇಟ್ಟುಕೊಂಡಿದ್ದರು. ಅವರ ಮಾತು ದೆಹಲಿಯಲ್ಲಿ ನಡೆಯುತ್ತಾ ಅಂತ ಯಾರೂ ಕೇಳಬೇಕಿರಲಿಲ್ಲ, ಅವರೇ ದೆಹಲಿ. ತೊಡಕಾದದ್ದೂ ಅಲ್ಲೇ ಅಂತ ನನಗನ್ನಿಸುತ್ತದೆ. 1962ರ ಚೀನಾ ಯುದ್ಧದ ಹೊತ್ತಿಗೆ "ಯಾರನ್ನ ಕೇಳಿ ಒಪ್ಪಿದೆ?" ಅಂತ ಕೇಳುವ ಅಜ್ಜ ಜಗಲಿ ಮೇಲೆ ಇರಲಿಲ್ಲ.

ನೀವು ಹೆಣ್ಣುಮಗಳು, ಹಾಗಾಗಿ ಇದನ್ನು ಹೇಳದೆ ಬಿಡಲಾರೆ. ಅನುಭವ ಬೇಕು ಅನ್ನುವವರು, ಆ ಅನುಭವ ಯಾರಿಗೆ ಸಿಗಲು ಬಿಟ್ಟಿದ್ದೆವು ಅಂತಲೂ ನೋಡಬೇಕು. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಐಎಫ್‌ಎಸ್ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡಬೇಕಾಗಬಹುದು ಅನ್ನುವ ನಿಯಮ ಆಗ ಇತ್ತು. ಮದುವೆಯಾದ ಹೆಣ್ಣಿಗೆ ಈ ಸೇವೆಗೆ ಸೇರುವ ಹಕ್ಕಿಲ್ಲ ಅಂತಲೂ ಬರೆದಿದ್ದರು. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳಿಗೆ ಚೆನ್ನಾಗಿ ಝಾಡಿಸಿದರು. ಅಷ್ಟರಲ್ಲಿ ಸರ್ಕಾರ ಹೆದರಿ ಬಡ್ತಿ ಕೊಟ್ಟಿತ್ತು. ಹಂಗೆರಿ, ಘಾನಾ, ನೆದರ್ಲೆಂಡ್ಸ್‌ನಲ್ಲಿ ರಾಯಭಾರಿಯಾಗಿದ್ದರು, ಆದರೆ ವಿದೇಶಾಂಗ ಕಾರ್ಯದರ್ಶಿ ಆಗಲಿಲ್ಲ. ಆ ಕುರ್ಚಿಗೆ ಮೊದಲ ಮಹಿಳೆ, ಚೋಕಿಲಾ ಅಯ್ಯರ್, ಬಂದದ್ದು 2001ರಲ್ಲಿ. ಎರಡನೆಯವರು ನಿರುಪಮಾ ರಾವ್, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಬಿ.ಎ. ಓದಿದವರು. ಕೃಷ್ಣ ಸಚಿವರಾಗಿದ್ದಾಗ ಕಾರ್ಯದರ್ಶಿ ಅವರೇ.

ಕೊನೆಗೆ ನಿಮ್ಮ ಕನ್ನಡ ಮಾಧ್ಯಮದ ಪ್ರಶ್ನೆ. ಐಎಫ್‌ಎಸ್‌ಗೆ ಆಯ್ಕೆ ಮಾಡುವ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ. ಮುಖ್ಯ ಪರೀಕ್ಷೆಯಲ್ಲಿ 300 ಅಂಕದ ಒಂದು ಇಂಗ್ಲಿಷ್ ಪೇಪರ್ ಇದೆ, ಅದರಲ್ಲಿ 25 ಶೇಕಡಾ ಬರಲೇಬೇಕು. ರ‍್ಯಾಂಕಿಗೆ ಅದು ಲೆಕ್ಕಕ್ಕಿಲ್ಲ, ಆದರೆ ಅಲ್ಲಿ ಫೇಲಾದರೆ ಉಳಿದ ಪೇಪರ್‌ಗಳನ್ನು ನೋಡುವುದೇ ಇಲ್ಲ. ನನ್ನ ಇಬ್ಬರು ವಿದ್ಯಾರ್ಥಿಗಳು ಅದನ್ನು ಹಗುರವಾಗಿ ತಗೊಂಡು ಒಂದೊಂದು ವರ್ಷ ಕಳೆದುಕೊಂಡರು. ಐಎಫ್‌ಎಸ್ ಸಿಕ್ಕ ಮೇಲೆ ಒಂದು ವಿದೇಶಿ ಭಾಷೆಯನ್ನು ಅವರೇ ಕಡ್ಡಾಯವಾಗಿ ಕಲಿಸುತ್ತಾರೆ, ಅದಕ್ಕೆ ಈಗಲೇ ದುಡ್ಡು ಸುರಿಯಬೇಡಿ. ವಯಸ್ಸು 21 ಆಗಿರಬೇಕು, ಡಿಗ್ರಿ ಮುಗಿದಿರಬೇಕು. ನಿಮಗೆ ಇನ್ನೂ ಒಂದೂವರೆ ವರ್ಷ ಇದೆ. ಈ ರಜದಲ್ಲಿ ಇಂಗ್ಲಿಷ್ ಪೇಪರಿನ ಹಳೆಯ ಐದು ವರ್ಷದ ಪ್ರಶ್ನೆಪತ್ರಿಕೆ ತೆಗೆದು, ಪ್ರಬಂಧದ ಭಾಗವನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಬೇಕಿದ್ದರೆ ಒಂದೆರಡನ್ನು ನನಗೆ ಕಳಿಸಿ, ಕೆಂಪು ಪೆನ್ನು ಇನ್ನೂ ಇದೆ.